ರಾಶಿಯ ಮುಂದೆ ಮಾತಾಡಿದ ಅಕ್ಕ

ನಾನು ಚಿಕ್ಕವನಿದ್ದಾಗ ನಮ್ಮ ಕಣದಲ್ಲಿ ರಾಶಿ ಅಳೆಯುವ ಹೊತ್ತಿಗೆ ಯಾರೂ ಮಾತಾಡುವಂತಿರಲಿಲ್ಲ. ಕೆಮ್ಮು ಬಂದರೆ ಎದ್ದು ದೂರ ಹೋಗಿ ಕೆಮ್ಮಿ ಬರಬೇಕಿತ್ತು. ಅಂಥ ಒಂದು ಬೆಳಿಗ್ಗೆ ನಮ್ಮ ಅಕ್ಕ ಎಲ್ಲರ ಎದುರು ಬಾಯಿ ತೆರೆದಳು. ಮೊಮ್ಮಕ್ಕಳೇ, ಆ ದಿನದ ಸಂಗತಿಯನ್ನು ನಿಮಗೆ ಹೇಳುತ್ತೇನೆ. ನಾನು ಕಂಡದ್ದನ್ನು ಕಂಡೆ ಎನ್ನುತ್ತೇನೆ, ಬೇರೆಯವರಿಂದ ಕೇಳಿದ್ದನ್ನು ಕೇಳಿದೆ ಎನ್ನುತ್ತೇನೆ. ಗೊತ್ತಿಲ್ಲದ್ದನ್ನು ಬಿಟ್ಟುಬಿಡುತ್ತೇನೆ.

ನಮ್ಮ ಹೊಲ ಖಾನಾಪುರದ ಹೊರಗೆ, ಮಲಪ್ರಭಾ ಹೊಳೆಯ ಹತ್ತಿರ ಇತ್ತು. ಹೊಲಕ್ಕೂ ಹೊಳೆಗೂ ನಡುವೆ ಬಿದಿರಿನ ಮೆಳೆ, ಅದರಾಚೆ ದೊಡ್ಡ ಮತ್ತಿ ಮರಗಳು. ಭತ್ತದ ಕೊಯ್ಲು ಮುಗಿದ ಮೇಲೆ ಹೊಲದ ಒಂದು ಮೂಲೆಗೆ ನೀರು ಚಿಮುಕಿಸಿ, ಬಡಿದು ಗಟ್ಟಿ ಮಾಡಿ, ಸೆಗಣಿಯಿಂದ ಸಾರಿಸುತ್ತಿದ್ದರು. ಅದೇ ಕಣ. ಅದರ ನಡುವೆ ಒಂದು ಕಂಬ ನೆಟ್ಟಿರುತ್ತಿತ್ತು, ಅದಕ್ಕೆ ಮೇಟಿ ಎನ್ನುತ್ತಿದ್ದರು. ಎತ್ತುಗಳು ಮೇಟಿಯ ಸುತ್ತ ತಿರುಗಿ ತಿರುಗಿ ಭತ್ತ ತುಳಿಯುತ್ತಿದ್ದವು. ಆಮೇಲೆ ಗಾಳಿ ನೋಡಿ ತೂರುತ್ತಿದ್ದರು. ಹೊಟ್ಟು ಹಾರಿ ನಮ್ಮ ಕುತ್ತಿಗೆಯೆಲ್ಲ ತುರಿಸುತ್ತಿತ್ತು. ಹೊಸ ಹುಲ್ಲಿನ ವಾಸನೆ ರಾತ್ರಿ ಹಾಸಿಗೆಯವರೆಗೂ ನಮ್ಮ ಜೊತೆ ಬರುತ್ತಿತ್ತು.

ತೂರಿದ ಭತ್ತವನ್ನು ಗುಡ್ಡದ ಹಾಗೆ ಕೂಡಿಸಿದರೆ ಅದು ರಾಶಿ. ಅದರ ಸುತ್ತ ಬೂದಿಯ ಗೆರೆ ಎಳೆದು, ನೆತ್ತಿಗೆ ವಿಭೂತಿ ಹಚ್ಚಿ ಪೂಜೆ ಮಾಡುತ್ತಿದ್ದರು. ಆ ಗೆರೆಯೊಳಗೆ ಯಾರೂ ಚಪ್ಪಲಿ ಮೆಟ್ಟಿ ಬರುವ ಹಾಗಿಲ್ಲ. ಅಳೆಯುವವರು ನಮ್ಮ ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ. ಅವರ ಕೈಯಲ್ಲಿ ಹಿತ್ತಾಳೆಯ ಪಟ್ಟಿ ಹಾಕಿದ ಕಟ್ಟಿಗೆಯ ಕೊಳಗ ಇರುತ್ತಿತ್ತು. ಅಪ್ಪ ಚೀಲದ ಬಾಯಿ ಹಿಡಿದು ನಿಲ್ಲುತ್ತಿದ್ದ. ಮೊದಲ ಕೊಳಗ ಸುರಿಯುವಾಗ ದೊಡ್ಡಪ್ಪ ‘ಒಂದು’ ಎನ್ನುತ್ತಿರಲಿಲ್ಲ, ‘ಲಾಭ’ ಎನ್ನುತ್ತಿದ್ದರು. ಆಮೇಲೆ ಎರಡು, ಮೂರು ಎಂದು ಎಣಿಕೆ ನಡೆಯುತ್ತಿತ್ತು. ಆ ಒಂದು ದನಿ ಬಿಟ್ಟರೆ ಕಣದಲ್ಲಿ ಬೇರೆ ದನಿ ಇರಕೂಡದು. ಮಾತಾಡಿದರೆ ಎಣಿಕೆ ತಪ್ಪುತ್ತದೆ ಎಂಬುದು ಒಂದು ಕಾರಣ. ಮಾತು ಕೇಳಿದರೆ ರಾಶಿಯ ಹುಲುಸು ಎದ್ದು ಹೋಗುತ್ತದೆ ಎಂಬುದು ಇನ್ನೊಂದು. ದೊಡ್ಡಪ್ಪ ಎರಡನ್ನೂ ನಂಬಿದ್ದರು. ಅಪ್ಪ ಮೊದಲನೆಯದನ್ನು ಮಾತ್ರ ನಂಬಿದ್ದ, ಆದರೆ ಅಣ್ಣನ ಎದುರು ಹಾಗೆಂದು ಹೇಳುತ್ತಿರಲಿಲ್ಲ.

ಇನ್ನೊಂದು ರೂಢಿಯೂ ಇತ್ತು. ರಾಶಿಯ ದಿನ ಕಣಕ್ಕೆ ಯಾರು ಬಂದರೂ, ಗುರುತಿರಲಿ ಇಲ್ಲದಿರಲಿ, ಬರಿಗೈಯಲ್ಲಿ ಕಳಿಸುವಂತಿರಲಿಲ್ಲ. ಕಂಬಳಿ ಮಾರುವವನು, ಹಾದಿ ತಪ್ಪಿದವನು, ಕರು ಹುಡುಕುತ್ತ ಬಂದವನು, ಎಲ್ಲರಿಗೂ ಮೊರದಲ್ಲಿ ಒಂದಿಷ್ಟು ಭತ್ತ ಹಾಕಿಯೇ ಕಳಿಸುತ್ತಿದ್ದರು.

ಆ ವರ್ಷದ ಚಳಿಗಾಲದಲ್ಲಿ ನಮ್ಮ ಆಕಾಶಕ್ಕೆ ಹೊಸ ವಿಮಾನಗಳು ಬಂದಿದ್ದವು. ಅದಕ್ಕೂ ಮೊದಲು ಅಪರೂಪಕ್ಕೊಮ್ಮೆ ಹಾಯುತ್ತಿದ್ದ ವಿಮಾನಗಳ ಮೂಗಿನ ಮೇಲೆ ಪಂಖ ತಿರುಗುತ್ತಿತ್ತು. ಇವಕ್ಕೆ ಪಂಖವೇ ಇರಲಿಲ್ಲ. ಜೆಟ್ ಎಂಬ ಶಬ್ದ ನಮಗಿನ್ನೂ ಬಾಯಿಗೆ ಹತ್ತಿರಲಿಲ್ಲ. ಅವು ಸೇನೆಯ ವಿಮಾನಗಳೆಂದು, ಹಾರಿಸಲು ಕಲಿಯುವವರು ಕಲಿಸುವವರ ಜೊತೆ ಜೋಡಿಯಾಗಿ ಬರುತ್ತಾರೆಂದು ಖಾನಾಪುರದ ಸಂತೆಯಲ್ಲಿ ಯಾರೋ ಹೇಳಿದ್ದನ್ನು ಅಪ್ಪ ಮನೆಗೆ ತಂದಿದ್ದ. “ಮುಂದಿನಾಂವ ಮಾಸ್ತರ, ಹಿಂದಿನಾಂವ ಹುಡುಗ,” ಎಂದು ವಿವರಿಸಿದ್ದ. ಎರಡೂ ಬೇರೆ ಬೇರೆ ವಿಮಾನ, ಒಂದರಲ್ಲಿ ಒಬ್ಬರೇ. ಎತ್ತಿನ ಜೋಡಿಯ ಹಾಗೆ ಒಂದರ ಬಾಜು ಒಂದು, ತುಸುವೇ ಹಿಂದೆಮುಂದೆ ಹಾರುತ್ತಿದ್ದವು.

ನನಗೆ ಅವು ಎಂದೂ ಸರಿಯಾಗಿ ಕಾಣುತ್ತಿರಲಿಲ್ಲ. ಸದ್ದು ಬಂದ ಕಡೆ ತಲೆ ಎತ್ತಿದರೆ ಬರೀ ಆಕಾಶ. ಅಕ್ಕ ನನಗಿಂತ ಐದು ವರ್ಷಕ್ಕೆ ದೊಡ್ಡವಳು. ಅವಳು ಬೇಗ ಅದರ ಗುಟ್ಟು ಹಿಡಿದಿದ್ದಳು. ನನ್ನ ಗಲ್ಲ ಹಿಡಿದು ಮುಖವನ್ನು ಮುಂದಕ್ಕೆ ತಿರುಗಿಸುತ್ತಿದ್ದಳು. “ಸಪ್ಪಳ ಬಂದಲ್ಲೆ ನೋಡಬ್ಯಾಡೋ ಪೆದ್ದ. ಅದು ಸಪ್ಪಳಾ ಬಿಟ್ಟು ಮುಂದ ಹೋಗಿರತೈತಿ. ಮುಂದ ನೋಡು.” ಅವಳು ಬೆರಳು ಮಾಡಿದಲ್ಲಿ ಎರಡು ಬೆಳ್ಳಿಯ ಸೂಜಿಗಳು ಹೊಳೆಯುತ್ತಿದ್ದವು.

ಆ ದಿನ ರಾಶಿ ಅಳೆಯುವುದಿತ್ತು. ಹೊಳೆಯ ಮೇಲಿನ ಮಂಜು ಕರಗಿ ಬಿಸಿಲು ಏರುವ ಹೊತ್ತು. ಕಣದಲ್ಲಿ ಅಪ್ಪ, ದೊಡ್ಡಪ್ಪ, ಅವ್ವ, ನಾವಿಬ್ಬರು ಮಕ್ಕಳು, ಕೆಲಸಕ್ಕೆ ಬಂದ ನಾಲ್ಕಾರು ಜನ ಇದ್ದೆವು. ಬಾಜು ಹೊಲದ ಮಾಮಾನೂ ಇದ್ದ. ಅವನ ಮನೆಮಾತು ಮರಾಠಿ. ನಮ್ಮ ಜೊತೆ ಕನ್ನಡ ಆಡುತ್ತಿದ್ದ, ಎತ್ತುಗಳ ಜೊತೆ ಮರಾಠಿ. ಹೊಳೆಯ ಯಾವ ಮಡು ಎಷ್ಟು ಆಳ ಎಂಬುದು ಅವನಿಗೆ ಬಾಯಿಪಾಠ. ಅವ್ವ ನನ್ನನ್ನೂ ಅಕ್ಕನನ್ನೂ ಬೂದಿಯ ಗೆರೆಯ ಹೊರಗೆ ಕೂರಿಸಿ, “ಬಾಯಿ ಹೊಲದೀನಿ ಅಂತ ತಿಳ್ಕೋರಿ,” ಎಂದು ಕಣ್ಣು ಬಿಟ್ಟು ಹೋಗಿದ್ದಳು.

ದೊಡ್ಡಪ್ಪ ‘ಲಾಭ’ ಎಂದರು. ಭತ್ತ ಚೀಲಕ್ಕೆ ಬೀಳುವ ಸದ್ದು ಮಳೆ ಹಂಚಿನ ಮೇಲೆ ಬಿದ್ದ ಹಾಗಿತ್ತು. ಎಣಿಕೆ ಎಷ್ಟಕ್ಕೆ ಬಂದಿತ್ತೋ ನೆನಪಿಲ್ಲ. ಆಗ ವಿಮಾನಗಳ ಸದ್ದು ಕೇಳಿಸಿತು. ನಾನು ಅಕ್ಕ ಕಲಿಸಿದಂತೆ ಮುಂದೆ ನೋಡಿದೆ. ಎರಡು ಸೂಜಿಗಳು ಬಿಸಿಲಿಗೆ ಎದುರಾಗಿ ಒಟ್ಟಿಗೇ ಹೊರಳುತ್ತಿದ್ದವು. ಹೊರಳುವಾಗ ಅವುಗಳ ನಡುವಿನ ಅಂತರ ಕಿರಿದಾಯಿತು. ಆಮೇಲೆ ಇಲ್ಲವಾಯಿತು. ಒಂದು ಹೊಳಪು. ಏನೋ ಚೂರು ಬಿಡಿಬಿಡಿಯಾಗಿ ಮಿಂಚಿತು. ಇಷ್ಟಾಗುವವರೆಗೆ ಅವು ಡಿಕ್ಕಿಯಾದ ಸದ್ದು ನಮ್ಮ ಬಳಿಗೆ ಬಂದಿರಲಿಲ್ಲ. ಬಂದಾಗ ಅದು ಒಣ ಬಿದಿರು ಸೀಳಿದಂತೆ ಇತ್ತು.

ಎಲ್ಲರೂ ತಲೆ ಎತ್ತಿದರು, ಸದ್ದು ಬಂದ ಕಡೆಗೆ. ಅಲ್ಲಿ ಕಪ್ಪು ಹೊಗೆಯ ಗೆರೆಯೊಂದು ಪಶ್ಚಿಮದ ಕಾಡಿನತ್ತ ಇಳಿಯುತ್ತಿತ್ತು. ನನ್ನ ಕಣ್ಣೂ ಆ ಹೊಗೆಗೇ ಅಂಟಿಕೊಂಡಿತು. ಇನ್ನೊಂದು ವಿಮಾನ ಬುಗುರಿಯ ಹಾಗೆ ಸುತ್ತುತ್ತ ನಮ್ಮ ತಲೆಯ ಮೇಲೆ ಹಾಯ್ದು, ಕೊಯ್ಲಾದ ಖಾಲಿ ಗದ್ದೆಗಳಾಚೆ ಬಿತ್ತು. ಭೂಮಿ ಅದುರಿತು. ರಾಶಿಯ ನೆತ್ತಿಯಿಂದ ಭತ್ತ ಸರಸರನೆ ಜಾರಿತು. ಎತ್ತುಗಳು ಕಣ್ಣಿ ಹರಿದುಕೊಂಡು ಓಡಿದವು. ನೀವು ನಂಬಲಾರಿರಿ, ಅಷ್ಟಾದರೂ ಕಣದಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ದೊಡ್ಡಪ್ಪ ಕೊಳಗವನ್ನು ಎದೆಗೆ ಒತ್ತಿಕೊಂಡಿದ್ದರು. ಎಣಿಕೆ ಮರೆಯದಿರಲೆಂದು ತುಟಿ ಮಾತ್ರ ಅದೇ ಸಂಖ್ಯೆಯನ್ನು ಮತ್ತೆ ಮತ್ತೆ ಹೇಳುತ್ತಿತ್ತು.

ಅಷ್ಟರಲ್ಲಿ ಬಿಳಿಯ ಛತ್ರಿಯೊಂದು ನಮ್ಮ ಗದ್ದೆಯ ಮೇಲೆ ತೇಲುತ್ತ ಬಂತು. ಅದರ ಕೆಳಗೆ ಒಬ್ಬ ಮನುಷ್ಯ ಜೋತುಬಿದ್ದಿದ್ದ. ಕೊಯ್ದ ಭತ್ತದ ಕೂಳೆಯ ಮೇಲೆ ಬಿದ್ದ. ಗಾಳಿ ಛತ್ರಿಯನ್ನು ತುಂಬಿ ಅವನನ್ನು ಕಣದ ಅಂಚಿನ ತನಕ ಎಳೆದು ತಂದಿತು. ಅಪ್ಪ ಮತ್ತು ಕೆಲಸದವರು ಮಾತಿಲ್ಲದೆ ಓಡಿ ಬಟ್ಟೆಯನ್ನು ಅದುಮಿ ಹಿಡಿದರು. ಛತ್ರಿಯಲ್ಲಿ ಇಳಿದವರಿಗೆ ಅಪ್ಪನ ವಯಸ್ಸಿರಬೇಕು. ತಲೆಯ ಮೇಲೆ ಗಟ್ಟಿ ಟೊಪ್ಪಿಗೆ, ಹಣೆಯಲ್ಲಿ ರಕ್ತ. ಕಣ್ಣು ಬಿಟ್ಟು ನಮ್ಮನ್ನೆಲ್ಲ ನೋಡಿದರು, ಏನೋ ಹೇಳಲು ಹೋದರು, ಎಚ್ಚರ ತಪ್ಪಿದರು. ಕಣದ ಬದಿಯ ಹುಣಸೆಯ ನೆರಳಿಗೆ ಅವರನ್ನು ಒಯ್ದು ಮಲಗಿಸಿದರು. ಅವ್ವ ತನ್ನ ಸೆರಗು ನೀರಲ್ಲಿ ಅದ್ದಿ ಹಣೆ ಒರೆಸಿದಳು. ಒಬ್ಬ ಆಳನ್ನು ಸುದ್ದಿ ಮುಟ್ಟಿಸಲು ಖಾನಾಪುರದತ್ತ ಕೈಸನ್ನೆಯಲ್ಲೇ ಓಡಿಸಿದರು.

ಆ ಕ್ಷಣದಲ್ಲಿ ಎಲ್ಲರ ಮನಸ್ಸಿನಲ್ಲಿ ಇದ್ದದ್ದು ಒಂದೇ ಲೆಕ್ಕ. ಒಂದು ವಿಮಾನದವರು ಇಲ್ಲಿದ್ದಾರೆ. ಇನ್ನೊಂದರವರು ಹೊಗೆಯ ಜೊತೆ ಕಾಡಿನಲ್ಲಿ ಬಿದ್ದುಹೋದರು. ಮಾಮಾ ಕಾಡಿನ ಕಡೆ ತಿರುಗಿ ಕೈ ಮುಗಿದ. ದೊಡ್ಡಪ್ಪ ಅಪ್ಪನಿಗೆ ಚೀಲ ಹಿಡಿ ಎಂದು ಸನ್ನೆ ಮಾಡಿದರು. ಅವರನ್ನು ಕಲ್ಲುಹೃದಯದವರು ಎಂದುಕೊಳ್ಳಬೇಡಿ. ನಡುವೆ ನಿಂತ ರಾಶಿ ಕೆಡುಕು ಎಂದು ಅವರು ಅಪ್ಪಟವಾಗಿ ನಂಬಿದ್ದರು. ಆ ರಾಶಿಯಲ್ಲಿ ನಮ್ಮೊಬ್ಬರದ್ದೇ ಅಲ್ಲ, ಕೆಲಸಕ್ಕೆ ಬಂದ ಅಷ್ಟೂ ಮನೆಗಳ ವರ್ಷದ ಪಾಲೂ ಇತ್ತು.

ಅಕ್ಕ ನನ್ನ ಬಾಜು ಇರಲಿಲ್ಲ. ಅವಳು ಬೂದಿಯ ಗೆರೆ ದಾಟಿ ಒಳಗೆ ಹೋಗಿ ಅಪ್ಪನ ಧೋತರ ಜಗ್ಗುತ್ತಿದ್ದಳು. ಅಪ್ಪ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರು ಎಂದ. ಅವಳು ಮತ್ತೆ ಜಗ್ಗಿದಳು. ಅವ್ವ ದೂರದಿಂದಲೇ ಕಣ್ಣಲ್ಲಿ ಗದರಿಸಿದಳು. ಅಕ್ಕ ಹೊಳೆಯ ಕಡೆ ನೋಡಿದಳು, ದೊಡ್ಡಪ್ಪನ ಕಡೆ ನೋಡಿದಳು.

“ಅಪ್ಪಾ! ಹೊಳ್ಯಾಗ ಇನ್ನೊಬ್ಬಾಂವ ಬಿದ್ದಾನ!”

ದೊಡ್ಡಪ್ಪನ ತುಟಿ ನಿಂತಿತು. ಕೈಯಲ್ಲಿನ ಕೊಳಗ ಬಾಗಿ ಭತ್ತ ನೆಲಕ್ಕೆ ಸುರಿಯಿತು.

“ಏ ಹುಡುಗಿ! ರಾಶಿ ಮುಂದ ಬಾಯಿ ತಗದಿ? ಹೋತಲ್ಲಾ ನನ್ನ ಎಣಿಕಿ!”

ಅಪ್ಪ ಅವಳ ಎತ್ತರಕ್ಕೆ ಕುಕ್ಕರಿಸಿದ. “ಖರೇ ಕಂಡೀ ಏನ ನನ್ನವ್ವಾ?”

“ಖರೇ ಕಂಡೀನಪ್ಪಾ. ಬಿಳಿ ಛತ್ರಿ. ಆ ಎರಡು ಮತ್ತಿ ಗಿಡದ ನಡುವ ಇಳೀತು. ನೀವೆಲ್ಲಾ ಸಪ್ಪಳದ ಕಡೆ ನೋಡಾಕತ್ತಿದ್ರಿ.”

“ಹೊಗಿ ಇರಬೇಕು ಅದು,” ಎಂದರು ದೊಡ್ಡಪ್ಪ.

“ಹೊಗಿ ಮ್ಯಾಲ ಹೋಗತೈತಿ, ದೊಡ್ಡಪ್ಪಾ. ಅದು ಕೆಳಗ ಬಂತು.”

ಮಾಮಾ ಹೆಗಲ ಮೇಲಿನ ಟವೆಲ್ಲನ್ನು ತಲೆಗೆ ಬಿಗಿದುಕೊಂಡ. “ಪೋರಿ ಬರೋಬರಿ ಹೇಳಾಕತ್ಯಾಳ. ಚಲಾ, ಚಲಾ!” ಅಪ್ಪ ಚೀಲದ ಬಾಯಿ ಬಿಟ್ಟ. “ರಾಶಿ ಎಲ್ಲಿ ಓಡಿ ಹೋಗತೈತಿ ಅಣ್ಣಾ? ನೀ ಇವರನ್ನ ನೋಡ್ಕೋ,” ಎಂದವನೇ ಎತ್ತಿನ ಹಗ್ಗ ಎತ್ತಿಕೊಂಡು ಓಡಿದ. ಅಣ್ಣನ ಮಾತು ಮೀರಿ ಅಪ್ಪ ನಡೆದದ್ದನ್ನು ನಾನು ನೋಡಿದ್ದು ಅದೇ ಮೊದಲು.

ದಾರಿ ತೋರಿಸಲು ಅಕ್ಕ ಬೇಕಿತ್ತು. ಅವಳು ಓಡಿದಳು. ಅವಳ ಕೈ ಹಿಡಿದಿದ್ದರಿಂದ ನಾನೂ ಓಡಿದೆ. ಕೂಳೆ ಅಂಗಾಲಿಗೆ ಚುಚ್ಚುತ್ತಿತ್ತು. ಬಿದಿರು ಮೆಳೆಯ ಒಳಗೆ ಇನ್ನೂ ರಾತ್ರಿಯ ತಂಪು ಉಳಿದಿತ್ತು. ಎರಡು ಮತ್ತಿ ಮರಗಳ ನಡುವೆ ಹೊಳೆಯ ದಂಡೆಗೆ ಬಂದು ನಿಂತೆವು. ಅಲ್ಲಿ ಏನೂ ಇರಲಿಲ್ಲ. ನೀರು ಸುಮ್ಮನೆ ಹರಿಯುತ್ತಿತ್ತು. ಒಂದು ಮಿಂಚುಳ್ಳಿ ಕೊಂಬೆಯಿಂದ ಕೊಂಬೆಗೆ ಹಾರಿತು. ಕೆಲಸದವರಲ್ಲಿ ಒಬ್ಬ ಉಸಿರು ಬಿಡುತ್ತ, “ಕೂಸಿನ ಮಾತು ಕೇಳಿ ರಾಶಿ ಕೆಡಿಸಿದಂಗಾತು,” ಎಂದ.

ಅಕ್ಕನ ಮುಖ ಬಿಳಿಚಿತು. ಆದರೆ ಅವಳು ಅಳಲಿಲ್ಲ. ದಂಡೆಯ ಒಂದು ಕಲ್ಲಿನ ಮೇಲೆ ಹತ್ತಿ ಕಣದ ಕಡೆ ತಿರುಗಿ ನೋಡಿದಳು. ಮರಗಳ ನಡುವೆ ನಮ್ಮ ಮೇಟಿ ಕಂಬ ಬೆರಳಿನಷ್ಟು ಕಾಣುತ್ತಿತ್ತು. ಆಮೇಲೆ ಬೆನ್ನು ತಿರುಗಿಸಿ, ಅದೇ ಗೆರೆಯನ್ನು ಹೊಳೆಯಾಚೆಗೆ ಎಳೆದಂತೆ ಕೈ ಚಾಚಿದಳು. “ನಾ ಕುಂತಲ್ಲಿಂದ ಗಿಡದ ನಡುವ ಕಂಡಿತ್ತು. ಗಿಡದ ಬುಡಕ್ಕ ಅಲ್ಲ. ಅದರಾಚೆ, ಇನ್ನೂ ಆಚೆ.”

ಮಾಮಾ ಅವಳ ಕೈ ಹೋದ ಕಡೆ ನೋಡಿದ. “ತಿರುವಿನ ಮಡು,” ಎಂದ. ಹೊಳೆ ಮುಂದೆ ಬಾಗಿ ಅವಳು ತೋರಿಸಿದ ನೇರಕ್ಕೇ ಬರುತ್ತಿತ್ತು, ನಮ್ಮ ದಂಡೆಗುಂಟ ಹೋದರೆ ಅಲ್ಲಿಗೆ ಮುಟ್ಟಬಹುದಿತ್ತು. ದೊಡ್ಡವರು ದಂಡೆಗುಂಟ ಓಡಿದರು. ನಾವು ಹಿಂದೆ.

ಮೊದಲು ಕಂಡದ್ದು ಬಟ್ಟೆ. ಯಾರೋ ದೊಡ್ಡ ಹಾಸಿಗೆಯ ಹೊದಿಕೆಯನ್ನು ಒಗೆಯಲು ನೀರಲ್ಲಿ ಬಿಟ್ಟು ಹೋದಂತೆ ಮಡುವಿನ ತುಂಬ ಹರಡಿತ್ತು. ಹರಿವು ಅದನ್ನು ಎಳೆಯುತ್ತಿತ್ತು. ಅದರ ಹಗ್ಗಗಳ ಕೊನೆಯಲ್ಲಿ, ದಂಡೆಯ ಬೇರೊಂದನ್ನು ಒಂದೇ ಕೈಯಿಂದ ಹಿಡಿದು, ಗಲ್ಲದವರೆಗೆ ನೀರಲ್ಲಿ ಮುಳುಗಿದ್ದ ಒಬ್ಬ ತರುಣ. ಇನ್ನೊಂದು ಕೈ ಮುರಿದಿತ್ತು. ಹಗ್ಗಗಳು ಕಾಲಿಗೆ ಸುತ್ತಿದ್ದವು. ಕೂಗುವ ಶಕ್ತಿ ಅವನಿಗೆ ಉಳಿದಿರಲಿಲ್ಲ. ನಮ್ಮನ್ನು ನೋಡಿ ಕಣ್ಣು ಮಾತ್ರ ಅಗಲ ಮಾಡಿದ. ಬೇರು ಹಿಡಿದ ಬೆರಳುಗಳು ಒಂದೊಂದಾಗಿ ಬಿಡುತ್ತಿದ್ದವು.

ಮಾಮಾ ಬಟ್ಟೆಯ ಕಡೆಯಿಂದ ನೀರಿಗೆ ಇಳಿದ. ಅಪ್ಪ ಸೊಂಟಕ್ಕೆ ಎತ್ತಿನ ಹಗ್ಗ ಕಟ್ಟಿಕೊಂಡು, ಅದರ ಇನ್ನೊಂದು ತುದಿಯನ್ನು ಕೆಲಸದವರ ಕೈಗೆ ಕೊಟ್ಟು, ನೆಟ್ಟಗೆ ಆ ತರುಣನ ಹತ್ತಿರ ಹೋದ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಭತ್ತ ಕೊಯ್ಯುವ ಕುಡಗೋಲಿನಿಂದ ಮಾಮಾ ಒಂದೊಂದೇ ಹಗ್ಗ ಕೊಯ್ಯತೊಡಗಿದ. ಅವು ಸುಲಭವಾಗಿ ಹರಿಯುವ ಹಗ್ಗಗಳಲ್ಲ. ಕೊನೆಯದು ಹರಿದಾಗ ಬಿಳಿಯ ಬಟ್ಟೆ ಒಮ್ಮೆಲೆ ಸಡಿಲಾಗಿ ಹೊಳೆಯ ಜೊತೆ ಹೊರಟುಹೋಯಿತು. ಅಪ್ಪ ತರುಣನನ್ನು ಎದೆಗೆ ಒತ್ತಿ ಹಿಡಿದಿದ್ದ. ಕೆಸರಲ್ಲಿ ಹೂತ ಚಕ್ಕಡಿ ಎಳೆಯುವ ಹಾಗೆ ಕೆಲಸದವರೆಲ್ಲ ಒಂದೇ ಉಸಿರಿಗೆ ಜಗ್ಗಿದರು. ‘ರಾಶಿ ಕೆಡಿಸಿದಂಗಾತು’ ಎಂದವನೇ ಎಲ್ಲರಿಗಿಂತ ಮುಂದೆ ನಿಂತು ಹಗ್ಗ ಹಿಡಿದಿದ್ದ.

ಕಂಬಳಿ ಹೊದಿಸಿದರೂ ಅವನ ಹಲ್ಲು ಕಟಕಟ ಎನ್ನುತ್ತಿತ್ತು. ಅವನಿಗೆ ಸರಿಯಾಗಿ ಮೀಸೆಯೂ ಬಂದಿರಲಿಲ್ಲ. ಹಿಂದಿಯಲ್ಲಿ ಏನೋ ಕೇಳಿದ. ಅಪ್ಪನಿಗೆ ತಿಳಿಯಲಿಲ್ಲ, ಮಾಮಾನಿಗೆ ತಿಳಿಯಿತು. ತನ್ನ ಜೊತೆಯವರು ಎಲ್ಲಿ ಎಂದು ಕೇಳುತ್ತಿದ್ದ. ಮಾಮಾ ಅರ್ಧ ಹಿಂದಿ, ಅರ್ಧ ಮರಾಠಿಯಲ್ಲಿ, ಕೈಯಾಡಿಸಿ ಹೇಳಿದ: ಇದ್ದಾರೆ, ನಮ್ಮ ಕಣದಲ್ಲಿ ಮಲಗಿದ್ದಾರೆ, ಉಸಿರಾಡುತ್ತಿದ್ದಾರೆ. ಆಗ ಆ ತರುಣ ಮುಖಕ್ಕೆ ಕೈ ಅಡ್ಡ ಹಿಡಿದು ಅತ್ತುಬಿಟ್ಟ. ದೊಡ್ಡವರು ಅಳುವುದನ್ನು ಕಂಡು ನನಗೆ ಹೆದರಿಕೆಯಾಯಿತು. ಅಕ್ಕ ನನ್ನ ಕಿವಿಯಲ್ಲಿ, “ಖುಷಿಯಾಗೇತಿ ಅವಗ,” ಎಂದಳು.

ಕಂಬಳಿಯ ನಾಲ್ಕು ತುದಿ ಹಿಡಿದು ಅವನನ್ನು ಕಣಕ್ಕೆ ಹೊತ್ತು ತಂದೆವು. ಅಲ್ಲಿ ನಡೆದದ್ದನ್ನು ನಾನು ಕಾಣಲಿಲ್ಲ, ಅವ್ವ ಆಮೇಲೆ ಹೇಳಿದಳು. ಮೊದಲು ಬಿದ್ದವರಿಗೆ ಎಚ್ಚರವಾಗಿ, ಎದ್ದು ಆಕಾಶ ನೋಡುತ್ತ, ಹೊಳೆಯ ಕಡೆ ಹೋಗಲು ಹವಣಿಸಿದರಂತೆ. ಕಾಲು ನಿಲ್ಲಲಿಲ್ಲವಂತೆ. ದೊಡ್ಡಪ್ಪನಿಗೆ ಅವರ ಭಾಷೆ ಬಾರದು, ಅವರಿಗೆ ದೊಡ್ಡಪ್ಪನ ಭಾಷೆ ಬಾರದು. ದೊಡ್ಡಪ್ಪ ಕೊಳಗ ಕೆಳಗಿಟ್ಟು ಬಂದು ಅವರ ತಲೆಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ಕೈ ಹಿಡಿದು ಕೂತರಂತೆ. “ನಿಮ್ಮ ದೊಡ್ಡಪ್ಪ ರಾಶಿ ಬಿಟ್ಟು ಎದ್ದದ್ದು ಅವತ್ತ ಒಮ್ಮೆ ನೋಡ್ನಿ,” ಎಂದು ಅವ್ವ ಎಷ್ಟೋ ವರ್ಷ ಹೇಳುತ್ತಿದ್ದಳು.

ಹುಣಸೆಯ ನೆರಳಲ್ಲಿ ಆ ಇಬ್ಬರನ್ನೂ ಬಾಜುಬಾಜು ಮಲಗಿಸಿದಾಗ ಹಿರಿಯರು ತರುಣನ ಕೆನ್ನೆಗೆ ಮೆಲ್ಲಗೆ ಒಂದು ಏಟು ಕೊಟ್ಟರು. ನಮ್ಮ ಮಾಸ್ತರು ಲೆಕ್ಕ ತಪ್ಪಿದ ಹುಡುಗನಿಗೆ ಕೊಡುವಂಥದ್ದು. ಆಮೇಲೆ ಆ ಕೈಯನ್ನು ತೆಗೆಯಲೇ ಇಲ್ಲ, ಅಲ್ಲೇ ಇಟ್ಟುಕೊಂಡರು. ಅವ್ವ ಇಬ್ಬರಿಗೂ ಬೆಲ್ಲ ಶುಂಠಿ ಹಾಕಿ ಕುದಿಸಿದ ಕಷಾಯ ಕುಡಿಸಿದಳು. ತರುಣನ ಕೈಗೆ ಮೊರದ ಎರಡು ಬಿದಿರು ಪಟ್ಟಿ ಇಟ್ಟು ಮಾಮಾ ಟವೆಲ್ಲು ಸುತ್ತಿದ.

ಬಿಸಿಲು ನೆತ್ತಿಗೆ ಬಂದಾಗ ಖಾನಾಪುರದಿಂದ ಜೀಪು ಬಂತು. ಅವರನ್ನು ಎತ್ತಿ ಕೂರಿಸುತ್ತಿದ್ದಂತೆ ದೊಡ್ಡಪ್ಪ, “ನಿಂದರ್ರಿ, ನಿಂದರ್ರಿ,” ಎಂದು ಕೂಗಿದರು. ಕಣಕ್ಕೆ ಬಂದವರು ಬರಿಗೈಯಲ್ಲಿ ಹೋಗುವುದುಂಟೆ? ಆದರೆ ಅವರ ಬಳಿ ಚೀಲವಿಲ್ಲ, ಉಡಿಯಿಲ್ಲ. ಹಿರಿಯರ ಗಟ್ಟಿ ಟೊಪ್ಪಿಗೆ ಹುಣಸೆಯ ಬುಡದಲ್ಲಿ ಬಿದ್ದಿತ್ತು. ದೊಡ್ಡಪ್ಪ ಅದನ್ನು ಅಂಗಾತ ತಿರುಗಿಸಿ, ಕೊಳಗ ತುಂಬಿ ತಂದು ಅದರೊಳಗೆ ಸುರಿದರು. ಸುರಿಯುವಾಗ ಬಾಯ್ತುಂಬ ‘ಲಾಭ’ ಎಂದರು. ಜೀಪಿನವರಿಗೆ ಅದೇನೆಂದು ತಿಳಿಯಲಿಲ್ಲ. ಹಿರಿಯರು ಮಾತ್ರ ಟೊಪ್ಪಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡರು. ಜೀಪು ಕುಲುಕುತ್ತ ಹೋದಾಗ ಒಂದು ಕಾಳೂ ಚೆಲ್ಲದಂತೆ ಅದರ ಮೇಲೆ ಅಂಗೈ ಮುಚ್ಚಿದ್ದರು.

ಸಂಜೆಗೆ ಮುಂಚೆ ರಾಶಿಯನ್ನು ಮೊದಲಿನಿಂದ ಅಳೆದರು. ಅಕ್ಕ ಗೆರೆಯಿಂದ ಬಹಳ ದೂರ ಕೂತಿದ್ದಳು. ಭತ್ತ ಕಡಿಮೆ ಬಂದರೆ ಹುಲುಸು ಹೋದದ್ದು ತನ್ನಿಂದಲೇ ಎನ್ನುತ್ತಾರೆ ಎಂಬ ಭಯ ಅವಳಿಗೆ. ಎಷ್ಟು ಬಂತೆಂದು ನನಗೆ ನೆನಪಿಲ್ಲ. ಕಡಿಮೆ ಬಂತೆಂದು ಯಾರೂ ಹೇಳಿದ್ದನ್ನು ಕೇಳಲಿಲ್ಲ. ದೊಡ್ಡಪ್ಪ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡು ಅಕ್ಕನತ್ತ ನೋಡಿದರು. “ಇಷ್ಟ ದೂರ ಯಾಕ ಕುಂತೀಯವ್ವಾ, ಕರಡಿ ಐತೇನು ಇಲ್ಲೆ?” ಎಂದರು. ಅಷ್ಟೇ. ಅಕ್ಕ ಓಡಿ ಬಂದು ಭತ್ತದೊಳಗೆ ಮೊಣಕೈತನಕ ಕೈ ತೂರಿಸಿ ಕೂತಳು.

ಮರುವರ್ಷ ರಾಶಿಗೆ ಪೂಜೆಯಾದ ಮೇಲೆ ದೊಡ್ಡಪ್ಪ ಕೂಡಲೇ ಕೊಳಗ ಎತ್ತಲಿಲ್ಲ. ಅಕ್ಕನನ್ನು ಕರೆದು, ಒಂದು ಕಂಬಳಿ ಹಾಸಿ, ರಾಶಿಗೆ ಬೆನ್ನು ಮಾಡಿ ಕೂರಿಸಿದರು. “ನೀ ಈ ಕಡೆ ನೋಡಬ್ಯಾಡ. ಹೊಲ ನೋಡು, ಹೊಳಿ ನೋಡು, ಮ್ಯಾಲ ನೋಡು. ಏನರ ಕಂಡ್ರ ಒದರು. ನಾವ್ ನಿಂದ್ರಸತೇವು.” ಹಾಗೆ ನಮ್ಮ ಕಣಕ್ಕೆ ಒಂದು ಹೊಸ ರೂಢಿ ಬಂತು. ಎಲ್ಲರೂ ಸುಮ್ಮನಿರಬೇಕು, ಒಂದು ಮಗುವಿಗೆ ಮಾತ್ರ ಕೂಗುವ ಹಕ್ಕು. ಸುತ್ತಲಿನ ಬೇರೆ ಕಣಗಳಲ್ಲಿ ಇದನ್ನು ನಾನು ಕಂಡಿಲ್ಲ. ಅಕ್ಕ ದೊಡ್ಡವಳಾದ ಮೇಲೆ ಆ ಕಂಬಳಿಯ ಮೇಲೆ ನಾನು ಕೂತೆ. ನನ್ನ ನಂತರ ದೊಡ್ಡಪ್ಪನ ಮೊಮ್ಮಕ್ಕಳು ಕೂತರು.

ಆ ಇಬ್ಬರ ಹೆಸರು ನಮಗೆ ತಿಳಿಯಲಿಲ್ಲ. ಅವರು ಮತ್ತೆ ಬರಲಿಲ್ಲ. ಆಕಾಶದಲ್ಲಿ ತಪ್ಪು ಯಾರದು, ತಪ್ಪೇ ಆಗಿತ್ತೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ. ಕಾಡಿನಲ್ಲಿ ಬಿದ್ದ ವಿಮಾನದಿಂದ ಯಾರಿಗೂ ಪೆಟ್ಟಾಗಲಿಲ್ಲ ಎಂದು ಕೇಳಿದ್ದೇನೆ. ಗದ್ದೆಯಲ್ಲಿ ಬಿದ್ದದ್ದು ಖಾಲಿ ಗದ್ದೆಯಲ್ಲಿ ಬಿತ್ತು. ಒಂದು ವಾರ ಮೊದಲಾಗಿದ್ದರೆ ಅಲ್ಲಿ ಕೊಯ್ಯುವ ಹೆಂಗಸರು ಇರುತ್ತಿದ್ದರು. ಇವನ್ನೆಲ್ಲ ನೆನೆದಾಗ ಯಾರಿಗೆ ಕೈ ಮುಗಿಯಬೇಕೆಂದು ತಿಳಿಯದೆ ಎಲ್ಲರಿಗೂ ಮುಗಿಯುತ್ತೇನೆ. ಮೊದಲು ಅಕ್ಕನಿಗೆ. ಮುಂದೆ ನಾನು ಬೆಳಗಾವಿಗೆ ಬಂದು ಪತ್ರಿಕೆಯ ಕೆಲಸಕ್ಕೆ ಸೇರಿದಾಗ, ದೊಡ್ಡ ಸದ್ದಿನ ಸುದ್ದಿ ಬಂದಾಗಲೆಲ್ಲ, ಸದ್ದು ಬಿಟ್ಟು ಸ್ವಲ್ಪ ಮುಂದೆ ನೋಡು ಎಂದು ಅವಳು ನನ್ನ ಗಲ್ಲ ತಿರುಗಿಸಿದಂತೆಯೇ ಅನಿಸುತ್ತಿತ್ತು.

ಈಗ ನೀವು ಶಿವಬಸವ ನಗರದ ನಮ್ಮ ಮನೆಯ ಮಾಳಿಗೆಯ ಮೇಲೆ ಆಡುತ್ತೀರಿ. ವಿಮಾನ ತಲೆಯ ಮೇಲೆ ಹಾಯ್ದರೂ ನೀವು ತಲೆ ಎತ್ತುವುದಿಲ್ಲ. ಅದು ಎಲ್ಲಿಂದ ಬಂತು, ಎಲ್ಲಿಗೆ ಹೊರಟಿತು ಎಂದು ಮೊಬೈಲು ನೋಡಿ ನನಗೇ ಹೇಳಿಕೊಡುತ್ತೀರಿ. ನಿಮ್ಮ ದಿನದಲ್ಲಿ ಎಲ್ಲರೂ ಸುಮ್ಮನಿರುವ ಗಳಿಗೆ ಎಂಬುದೇ ಇಲ್ಲ, ನಮಗೆ ಮಾತಾಡಲು ಅಪ್ಪಣೆ ಬೇಕಿತ್ತು. ನಿಮ್ಮದು ಕೆಟ್ಟದ್ದು, ನಮ್ಮದು ಒಳ್ಳೆಯದು ಎನ್ನುತ್ತಿಲ್ಲ. ಆ ದಿನ ಯಾರ ಕೈಯಲ್ಲಾದರೂ ಒಂದು ಮೊಬೈಲು ಇದ್ದಿದ್ದರೆ ಜೀಪು ಬೇಗ ಬರುತ್ತಿತ್ತು, ಆ ತರುಣನ ಕೈ ಬೇಗ ಕೂಡುತ್ತಿತ್ತು. ಭತ್ತವನ್ನು ಈಗ ಯಂತ್ರ ಒಕ್ಕುತ್ತದೆ, ತೂಕದ ಕಾಟಾ ತೂಗುತ್ತದೆ. ಎತ್ತುಗಳ ಕಾಲಿಗೂ ನಮ್ಮವರ ಸೊಂಟಕ್ಕೂ ಅದು ಒಳ್ಳೆಯದೇ ಆಯಿತು. ಆದರೂ ನಮ್ಮವರು ಪೂಜೆಗೆಂದು ಒಂದು ಸಣ್ಣ ರಾಶಿ ಮಾಡಿ, ಅದನ್ನು ಹಳೆಯ ಕೊಳಗದಿಂದಲೇ ಅಳೆಯುತ್ತಾರೆ.

ಈ ಸಲ ನಿಮ್ಮನ್ನು ಅಲ್ಲಿಗೆ ಕರೆದೊಯ್ದೆವು. ನಿಮ್ಮಲ್ಲಿ ಚಿಕ್ಕವಳು ಮೊಬೈಲನ್ನು ತಾಯಿಯ ಕೈಗಿಟ್ಟು ಕಂಬಳಿಯ ಮೇಲೆ ಕೂತಳು. ಕೊಳಗ ಹಿಡಿದವನು ದೊಡ್ಡಪ್ಪನ ಮೊಮ್ಮಗ. ಅವನು ‘ಲಾಭ’ ಎಂದ. ಎಲ್ಲರೂ ಸುಮ್ಮನಾದೆವು. ಹೊಳೆಯ ಕಡೆಯ ಗಾಳಿ, ಭತ್ತ ಬೀಳುವ ಸದ್ದು, ಅದೇ ಹಳೆಯದು. ಎಣಿಕೆ ಚೆನ್ನಾಗಿ ಸಾಗಿತ್ತು. ಆಗ ಅವಳು ಎದ್ದು ನಿಂತು ಕೂಗಿದಳು.

“ಅಜ್ಜಾ! ಖಾಸಬಾಗದ ಅಜ್ಜಿ ಬಂದಾರ! ಕಾಲುವಿ ದಾಟಾಕ ಆಗವಲ್ದು ಅವರಿಗೆ!”

ಕೊಳಗ ನಿಂತಿತು. ನಾವೆಲ್ಲ ತಿರುಗಿದೆವು. ನೀರಿನ ಕಾಲುವೆಯ ಆಚೆ ದಂಡೆಯಲ್ಲಿ ಕೋಲು ಊರಿಕೊಂಡು ಅಕ್ಕ ನಿಂತಿದ್ದಳು. ಬೆಳಗಾವಿಯ ಖಾಸಬಾಗದಲ್ಲಿರುವ ತನ್ನ ಮನೆಯಿಂದ ಖಾನಾಪುರದ ಬಸ್ಸು ಹತ್ತಿ, ಬರುತ್ತೇನೆಂದು ಯಾರಿಗೂ ಹೇಳದೆ ಬಂದಿದ್ದಳು. ಇಬ್ಬರು ಓಡಿ ಹೋಗಿ ಎರಡೂ ಕೈ ಹಿಡಿದು ಅವಳನ್ನು ದಾಟಿಸಿಕೊಂಡು ಬಂದರು. ಅವಳು ಚಪ್ಪಲಿ ಗೆರೆಯ ಹೊರಗೇ ಬಿಟ್ಟು, ಕಂಬಳಿಯ ಮೇಲೆ ಚಿಕ್ಕವಳ ಬಾಜು ಕುಳಿತು, ಅವಳ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು.

“ಎಷ್ಟಕ್ಕ ಬಂದಿತ್ತೋ ಎಣಿಕಿ?” ಎಂದು ಕೇಳಿದಳು.

ಅಳೆಯುವವನು ತಲೆ ಕೆರೆದುಕೊಂಡ. “ಮರತೇ ಹೋತ್ರಿ ಅತ್ತೀ.”

“ಹಂಗಾರ ಲಾಭದಿಂದ ಸುರು ಮಾಡು,” ಎಂದಳು ಅಕ್ಕ.